ಪಾಲಿಶ್ ಇಲ್ಲದ ಮಂಟಪ

ಚೆನ್ನಯ ತೀರಿಕೊಂಡ. ಕಳೆದ ಮಾರ್ಚಿನ ಒಂದು ಭಾನುವಾರ ಸಂಜೆ ಬಾಂಬೆ ಪಕ್ಕದ ಠಾಣೆ ಸ್ಟೇಷನ್ನಿನಲ್ಲಿ ವಾಶಿ ಗಾಡಿಗೆ ಕಾಯುತ್ತ ನಿಂತಿದ್ದವನು ಕುಸಿದು ಬಿದ್ದ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಹೃದಯಾಘಾತ ಎಂದರು. ಐವತ್ತೆಂಟು ವರ್ಷ. ಹೆಂಡತಿ ಸುಂದರಿ, ಮಗ ಜಯೇಶ್, ಐರೋಲಿಯಲ್ಲಿ ಒಂದು ಕ್ಯಾಂಟೀನ್, ಇಷ್ಟನ್ನು ಬಿಟ್ಟುಹೋದ. ಬೀಳುವಾಗ ಅವನ ಕಂಕುಳಲ್ಲಿ ಹಳೆ ಪೇಪರಿನಲ್ಲಿ ಸುತ್ತಿದ ಎರಡು ಮರದ ಕಂಬಗಳಿದ್ದವು, ಮೊಳದುದ್ದದವು.

ಅವನ್ನು ಸುತ್ತಿಕೊಟ್ಟವನು ನಾನು. ದಾರ ಸಡಿಲವಾಗಿದೆ ಎಂದು ನನ್ನೆದುರೇ ಬಿಚ್ಚಿ ಅವನೇ ಮತ್ತೆ ಕಟ್ಟಿಕೊಂಡ. ಬಿದ್ದಾಗಲೂ ಆ ಗಂಟು ಬಿಚ್ಚಿರಲಿಲ್ಲ ಎಂದು ಜಯೇಶ್ ಹೇಳಿದ. ನಾನು ಕಟ್ಟಿದ್ದೇ ಆಗಿದ್ದರೆ ಕಂಬಗಳು ನನ್ನ ಮನೆ ಹತ್ತಿರದ ಠಾಕುರ್ಲಿ ಸ್ಟೇಷನ್ನಿನ ಮೆಟ್ಟಿಲಲ್ಲೇ ಉರುಳಿರುತ್ತಿದ್ದವು.

ಹದಿನೈದು ವರ್ಷ ನಾವು ಒಬ್ಬರಿಗೊಬ್ಬರು ‘ನೀವು’ ಎಂದೇ ಮಾತಾಡಿದೆವು. ಬರೆಯಲು ಕೂತರೆ ‘ಅವನು’ ಎಂದು ಬರುತ್ತಿದೆ. ತಿದ್ದಲು ನೋಡಿದೆ, ಆಗಲಿಲ್ಲ.

ನಾನು ಅವನನ್ನು ಮೊದಲು ಕಂಡದ್ದು ವಿಠ್ಠಲವಾಡಿ ಸ್ಟೇಷನ್ ಪಕ್ಕದ ಒಂದು ಉಡುಪಿ ಹೋಟೆಲಿನಲ್ಲಿ. ಮೈಸೂರಿನಿಂದ ನಮ್ಮ ಫೈನಾನ್ಸ್ ಕಂಪನಿಯ ಠಾಣೆ ಶಾಖೆಗೆ ವರ್ಗವಾಗಿ ಬಂದಿದ್ದೆ, ಇನ್ನೂ ಮದುವೆಯಾಗಿರಲಿಲ್ಲ. ಬಾಡಿಗೆ ಕೋಣೆಯಲ್ಲಿ ಫ್ಯಾನ್ ತಿರುಗುತ್ತಿರಲಿಲ್ಲ, ಹೋಟೆಲಿನಲ್ಲಿ ತಿರುಗುತ್ತಿತ್ತು. ಹಾಗಾಗಿ ಸಂಜೆ ಒಂದು ಪುಸ್ತಕ ಹಿಡಿದು ಹೋಗಿ, ಒಂದು ಕಾಫಿ ತರಿಸಿ, ನಾಲ್ಕು ಜನರ ಮೇಜಿನಲ್ಲಿ ಒಬ್ಬನೇ ಕೂರುತ್ತಿದ್ದೆ. ಮೂರನೆಯ ಸಂಜೆಯೋ ನಾಲ್ಕನೆಯದೋ ಕ್ಯಾಶ್ ಕೌಂಟರಿನಲ್ಲಿದ್ದವನು ಎದ್ದು ಬಂದ. ಕುಳ್ಳು, ಗಟ್ಟಿ ಮೈ, ಕಿವಿಯ ಮೇಲೆ ಪೆನ್ನು.

“ಸರ್, ಪುಸ್ತಕ ಒಳ್ಳೆದು ಕಾಣ್ತದೆ. ಟೇಬಲ್ ಅದಕ್ಕಿಂತ ಒಳ್ಳೆದುಂಟು. ಹೊರಗೆ ಜನ ಕಾಯ್ತಾ ಇದ್ದಾರೆ.”

ನಾನು ಅವಮಾನಿತನಾಗಿ ಎದ್ದೆ. ಅವನು ಕೌಂಟರಿನ ಪಕ್ಕದ ಸ್ಟೂಲು ತೋರಿಸಿದ. “ಇಲ್ಲಿ ಓದಿ. ಇಲ್ಲಿ ಯಾರೂ ತಿನ್ನುದಿಲ್ಲ.”

ಮುಂದಿನ ಹತ್ತು ವರ್ಷ ಆ ಸ್ಟೂಲು ನನ್ನದಾಯಿತು. ಓದಿದ ಪುಸ್ತಕಗಳ ಸಾರವನ್ನೆಲ್ಲ ಅಲ್ಲಿಂದಲೇ ಅವನಿಗೆ ಹೇಳಿದೆ. ನಾನು ಒಂದು ಕಾದಂಬರಿಯ ನಾಯಕಿಯನ್ನು ಸಾವಿನ ಹಾಸಿಗೆಯ ಮೇಲೆ ಮಲಗಿಸಿದ್ದರೆ ಅವನು ಒಳಗಡೆ ತಿರುಗಿ, “ಮೂರು ನಂಬರಿಗೆ ಎರಡು ಇಡ್ಲಿ ಒಂದು ವಡೆ” ಎಂದು ಕೂಗಿ, ಮತ್ತೆ ನನ್ನತ್ತ ತಿರುಗಿ, “ಹಾಂ, ಹೇಳಿ” ಎನ್ನುತ್ತಿದ್ದ. ಆ “ಹಾಂ, ಹೇಳಿ”ಯಿಂದ ಅವನು ಕೇಳುತ್ತಿದ್ದಾನೆ ಎಂದು ನಾನು ವರ್ಷಗಟ್ಟಲೆ ನಂಬಿದ್ದೆ. ಆಮೇಲೆ ಗೊತ್ತಾಯಿತು, ಹಾಲಿನವನಿಗೂ ಅವನು ಹಾಗೇ ಅನ್ನುತ್ತಿದ್ದ.

ಕೌಂಟರಿನ ಹಿಂದೆ, ಅವನ ತಲೆಯ ಮೇಲೆ, ಗೋಡೆಗೆ ಕೂರಿಸಿದ ದೇವರ ಮಂಟಪ ಇತ್ತು. ಹಿಂದೆ ಒಂದು ಹಲಗೆ, ಮುಂದೆ ಕಡೆದ ಎರಡು ಕಂಬ, ಮೇಲೆ ಬಾಯಿ ತೆರೆದ ಸಿಂಹದ ಮುಖ. ಒಳಗೆ ಗಣಪತಿ, ಲಕ್ಷ್ಮಿ, ಧಣಿಗಳ ತಂದೆಯ ಫೋಟೊ. ಧಣಿಗಳು ಹೋಟೆಲ್ ತೆರೆದ ಕಾಲಕ್ಕೆ ಊರಿನಿಂದ ಲಾರಿಯಲ್ಲಿ ತರಿಸಿದ್ದಂತೆ. ಚೆನ್ನಯ ಟೇಬಲ್ ಒರೆಸುವ ಕೆಲಸಕ್ಕೆ ಸೇರಿದವನು ಸಪ್ಲಾಯರ್ ಆಗಿ, ಕ್ಯಾಶಿಗೆ ಬಂದ. ಅಷ್ಟೂ ವರ್ಷ ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಆ ಮಂಟಪಕ್ಕೆ ದೀಪ ಹಚ್ಚುವವನು ಅವನೇ. ಒಲೆ ಹಚ್ಚುವುದು ಆಮೇಲೆ.

“ಅದು ಬರೀ ಸಿಂಹ ಅಲ್ಲ, ಚೆನ್ನಯ. ಶಿಲ್ಪಶಾಸ್ತ್ರದಲ್ಲಿ ಅದಕ್ಕೆ ಕೀರ್ತಿಮುಖ ಅಂತಾರೆ,” ಎಂದು ನಾನೊಮ್ಮೆ ವಿವರಿಸಿದ್ದೆ.

“ಹೌದಾ? ನಾವು ಸಿಂಹ ಅಂತೇವೆ. ಕರೆದ್ರೆ ಅದೂ ಬರುದಿಲ್ಲ, ಇದೂ ಬರುದಿಲ್ಲ.”

ಆ ಹೋಟೆಲ್ ಮುಚ್ಚಿತು. ಧಣಿಗಳ ಮಕ್ಕಳು ಜಾಗ ಮಾರಿದರು, ಅಲ್ಲಿ ಮೊಬೈಲ್ ಅಂಗಡಿ ಬಂತು. ಕೆಲಸದವರು ಒಬ್ಬೊಬ್ಬರೂ ಏನಾದರೂ ಒಯ್ಯಬಹುದು ಎಂದ ಹಿರಿಯ ಮಗ. ಒಬ್ಬ ಗ್ರೈಂಡರ್ ಕೇಳಿದ, ಒಬ್ಬ ಫ್ರಿಜ್ ಕೇಳಿದ. ಚೆನ್ನಯ ಮಂಟಪ ಕೇಳಿದ. ಕೋಪರಖೈರಣೆಯ ಅವನ ಒಂದು ಕೋಣೆಯ ಮನೆಯಲ್ಲಿ ಅದಕ್ಕೆ ಗೋಡೆ ಇರಲಿಲ್ಲ. ಹಳೆ ಬೆಡ್‌ಶೀಟ್ ಹೊದಿಸಿ ಅಟ್ಟದ ಮೇಲಿಟ್ಟ. ಸುಂದರಿ ದಿನಾ ಕೆಳಗಿನಿಂದಲೇ ಅದಕ್ಕೆ ಕೈ ಮುಗಿಯುತ್ತಿದ್ದಳು. ನೋಡಿದವರಿಗೆ ಆಕೆ ಬೆಡ್‌ಶೀಟಿಗೆ ಕೈ ಮುಗಿದ ಹಾಗೆ ಕಾಣುತ್ತಿತ್ತು.

ಒಂದು ವರ್ಷ ಅವನು ಬೇರೆಯವರ ಹೋಟೆಲಿನ ಕ್ಯಾಶಿನಲ್ಲಿ ಕೂತ. ಅಷ್ಟರಲ್ಲಿ ನನಗೂ ಜಾನಕಿಗೂ ಮದುವೆಯಾಗಿ ಠಾಕುರ್ಲಿಯಲ್ಲಿ ಫ್ಲ್ಯಾಟ್ ಕೊಂಡಿದ್ದೆವು. ಒಂದು ದಿನ ಚೆನ್ನಯ ಇಂಗ್ಲಿಷ್ ಕಾಗದಗಳ ದಪ್ಪ ಕಟ್ಟೊಂದನ್ನು ಹಿಡಿದು ಮನೆಗೆ ಬಂದ. ಐರೋಲಿಯಲ್ಲಿ ಹೊಸದಾಗಿ ಏಳುತ್ತಿದ್ದ ಐಟಿ ಕಟ್ಟಡದೊಳಗೆ ಊಟ ತಿಂಡಿಯ ಸಾಲು ಅಂಗಡಿಗಳಿದ್ದವು. ಅದರಲ್ಲೊಂದು ಅವನಿಗೆ ಸಿಗುವುದರಲ್ಲಿತ್ತು.

“ಬೇರೆಯವರ ಡ್ರಾಯರಿನ ಹಿಂದೆ ಕೂತು ಸಾಕಾಯ್ತು ಮಾರಾಯ್ರೆ. ಇನ್ನು ಸಿಕ್ಕಿದ್ರೆ ಇದು. ಇಲ್ಲದಿದ್ರೆ ಇಲ್ಲ.”

ಅಡ್ಡಿ ಇದ್ದದ್ದು ಆ ಕಟ್ಟಿನಲ್ಲಿ. ಕಟ್ಟಡದವರು ಹಸಿರು ಕಟ್ಟಡ ಎಂಬ ಸರ್ಟಿಫಿಕೇಟಿಗೆ ಅರ್ಜಿ ಹಾಕಿದ್ದರು. ಅದಕ್ಕಾಗಿ ಒಳಗಿನ ಪ್ರತಿ ಅಂಗಡಿಯವರೂ ತಮ್ಮ ಗೋಡೆಗಳನ್ನು ಅವರ ನಿಯಮದಂತೆಯೇ ಮಾಡಬೇಕು, ಪರೀಕ್ಷೆಯಲ್ಲಿ ಪಾಸಾದರೆ ಮಾತ್ರ ಬೀಗದ ಕೈ. ಆಗದಿದ್ದರೆ ಜಾಗ ಮುಂದಿನವರಿಗೆ. ಮುಂದಿನವರು ಯಾವುದೋ ಸ್ಯಾಂಡ್‌ವಿಚ್ ಕಂಪನಿಯವರು, ಆಗಲೇ ಎರಡು ಸಲ ಬಂದು ಅಳತೆ ತೆಗೆದಿದ್ದರು.

ನಾನು ಕನ್ನಡಕ ಹಾಕಿಕೊಂಡು ಅನುವಾದಕ್ಕೆ ಕೂತೆ. “ಒಳಾಂಗಣ ಭಿತ್ತಿಗೆ ಲೇಪಿಸುವ ವರ್ಣದ್ರವ್ಯ, ಅಂಟುದ್ರವ್ಯಗಳಿಂದ ಬಾಷ್ಪಶೀಲ ಸಾವಯವ ಸಂಯುಕ್ತಗಳ ಉತ್ಸರ್ಜನೆ…”

“ಕನ್ನಡದಲ್ಲಿ ಹೇಳಿ ಮಾರಾಯ್ರೆ.”

“ಇದು ಕನ್ನಡವೇ.”

“ಹೊಸ ಬೀರು ಬಾಗಿಲು ತೆಗೆದ್ರೆ ಕಣ್ಣು ಉರಿಯತ್ತಲ್ಲ ಚೆನ್ನಯಣ್ಣ, ಅದು,” ಎಂದಳು ಜಾನಕಿ ಒಳಗಿನಿಂದ. “ಬಣ್ಣ, ಗಮ್ಮು, ಪ್ಲೈವುಡ್ಡು, ಎಲ್ಲವೂ ತಿಂಗಳುಗಟ್ಟಲೆ ಏನೋ ಬಿಡ್ತಾ ಇರತ್ತೆ. ಕಿಟಕಿ ಇಲ್ಲದ ಏಸಿ ಆಫೀಸಲ್ಲಿ ಜನ ಅದನ್ನೇ ಉಸಿರಾಡಬೇಕು. ಕಮ್ಮಿ ಬಿಡೋ ಮಾಲು ಹಾಕಿ ಅಂತಿದಾರೆ.”

“ಹಾಗೆ ಹೇಳಿ,” ಎಂದ ಚೆನ್ನಯ, ನನ್ನತ್ತ ನೋಡದೆ.

ಗೋಡೆಗೆ ಏನೇ ಹಚ್ಚಿದರೂ ಅಂಟಿಸಿದರೂ ಅದು ಕಡಿಮೆ ಬಿಡುವಂಥದ್ದು ಎಂದು ತಯಾರಿಸಿದವರ ಪತ್ರ ಬೇಕಿತ್ತು. ಗೋಡೆ ನುಣುಪು ಮಾಡುವ ಪುಟ್ಟಿಗೊಂದು, ಬಣ್ಣಕ್ಕೆ ಮುಂಚೆ ಬಳಿಯುವ ಪ್ರೈಮರ್‌ಗೊಂದು, ಬಣ್ಣಕ್ಕೊಂದು. ಪರೀಕ್ಷೆ ಮಾಡುವವಳು ಹರ್ಷಿತಾ ಎಂಬ ಬೆಂಗಳೂರಿನ ಹುಡುಗಿ. ಇಂಥ ಕಟ್ಟಡಗಳಿಗೆ ಸಲಹೆ ಕೊಡುವ ಕಂಪನಿಯಿಂದ ಬಂದವಳು. ಮೊದಲ ಸಲ ನೋಡಲು ಹೋಗುವಾಗ ಅನುವಾದಕ ಬೇಕಾದೀತೆಂದು ನಾನು ರಜೆ ಹಾಕಿ ಜೊತೆಗೆ ಹೋದೆ. ಅವಳು ಹೆಲ್ಮೆಟ್ ತೆಗೆದು, “ಬನ್ನಿ ಅಂಕಲ್, ಕಾಲು ನೋಡ್ಕೊಂಡು,” ಎಂದಳು. ನನ್ನ ರಜೆ ಅಲ್ಲಿಗೆ ದಂಡ.

“ಗೋಡೆಗೆ ಯಾವ ಪೇಂಟ್ ಅಂಕಲ್?”

“ಮೇಲೆ ಡಿಸ್ಟೆಂಪರ್, ಕೆಳಗೆ ಸೊಂಟದ ಮಟ್ಟಕ್ಕೆ ಆಯಿಲ್ ಪೇಂಟ್. ಎಲ್ಲ ಹೋಟೆಲಿನಲ್ಲಿ ಹಾಗೇ.”

“ಆಯಿಲ್ ಪೇಂಟ್ ಆಗಲ್ಲ. ತುಂಬಾ ಬಿಡತ್ತೆ ಅದು.”

“ಸಾಂಬಾರ್ ಹಾರ್ತದಲ್ಲ ಮೇಡಂ. ಒರೆಸುದು ಹೇಗೆ?”

“ಅಲ್ಲಿವರೆಗೆ ಟೈಲ್ಸ್ ಹಾಕ್ಬಿಡಿ.”

“ಟೈಲ್ಸ್ ಏನೂ ಬಿಡುದಿಲ್ಲವಾ?”

“ಏನೂ ಬಿಡಲ್ಲ.”

“ಪಾಪದ ಪ್ರಾಣಿ. ಹಾಗಾದ್ರೆ ಅದೇ ಆಗ್ಲಿ.”

ನಾನು ಸುಮ್ಮನಿರಲಾರದೆ ಗೋಡೆಯ ಹತ್ತಿರ ಮೂಗು ಒಯ್ದು, ವಾಸನೆ ಇಲ್ಲವಲ್ಲ, ಅಂದರೆ ಸರಿಯಿದೆ ಎಂದೆ. ಹರ್ಷಿತಾ ಹಿರಿಯರಿಗೆ ಕೊಡುವ ಮರ್ಯಾದೆ ಕೊಟ್ಟೇ, “ಇಲ್ಲ ಸರ್, ಮೂಗಿಗೆ ಗೊತ್ತಾಗದೆ ಇರೋದು ಎಷ್ಟೋ ಇರತ್ತೆ,” ಎಂದಳು. ನಾನು ಮೂಗನ್ನು ಹಿಂದಕ್ಕೆ ತಂದೆ.

ಕೊನೆಗೆ ಚೆನ್ನಯ ಫೋನಿನಲ್ಲಿ ಮಂಟಪದ ಫೋಟೊ ತೋರಿಸಿದ. ಕೌಂಟರಿನ ಹಿಂದಿನ ಗೋಡೆಗೆ ಇದೊಂದು ಬೇಕೇ ಬೇಕು ಎಂದ. ಅವನ ದನಿ ಅಷ್ಟು ತಗ್ಗಿದ್ದನ್ನು ನಾನು ಮೊದಲು ಕೇಳಿರಲಿಲ್ಲ.

“ಎಷ್ಟು ಹಳೇದು ಅಂಕಲ್ ಇದು?”

“ನಾನು ಬಾಂಬೆಗೆ ಬರುವ ಮೊದಲೇ ಇತ್ತು.”

“ಹಾಗಾದ್ರೆ ತೊಂದ್ರೆ ಇಲ್ಲ. ಒಂದು ವರ್ಷಕ್ಕಿಂತ ಹಳೇ ಮರದ ಸಾಮಾನು ತಂದು ಹಾಕ್ಬಹುದು. ಬಿಡಬೇಕಾದ್ದನ್ನೆಲ್ಲ ಅದು ಯಾವತ್ತೋ ಬಿಟ್ಟಾಗಿರತ್ತೆ.”

“ಹಾಗಾದ್ರೆ ನಾನೂ ಪಾಸು,” ಎಂದ ಚೆನ್ನಯ. ಹುಡುಗಿ ನಕ್ಕಳು. ಹಿಂದಿರುಗುವ ಗಾಡಿಯಲ್ಲಿ ಅವನು ನನಗೂ ಸೀಟು ಹಿಡಿದ.

ಇನ್ನು ಎಡವಟ್ಟಿಗೆ ಬರುತ್ತೇನೆ. ಹೊಸ ಮನೆಗೆ ಹೋಗುವಾಗ ನಾವು ದೇವರ ಪೀಠಕ್ಕೆ ಬಣ್ಣ ಕೊಡಿಸುತ್ತೇವೆ, ಬೆಳ್ಳಿಗೆ ಹೊಳಪು ಕೊಡಿಸುತ್ತೇವೆ. ಯಾರೂ ಯೋಚಿಸಿ ಮಾಡುವ ಕೆಲಸವಲ್ಲ ಅದು. “ದೇವರನ್ನು ಹೊಸ ಜಾಗಕ್ಕೆ ಹಳೇ ಬಟ್ಟೆಯಲ್ಲಿ ಕರ್ಕೊಂಡು ಹೋಗುದಾ?” ಎಂದಳು ಸುಂದರಿ. ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಗೋಡೆಯ ಪುಟ್ಟಿಗೂ ಪ್ರೈಮರ್‌ಗೂ ಪತ್ರ ಹುಡುಕಿ ಊರೂರು ಅಲೆದ ನಾವು ಮಂಟಪವನ್ನು ಗೋಡೆಯ ಲೆಕ್ಕಕ್ಕೆ ಹಿಡಿದಿರಲೇ ಇಲ್ಲ. ಅದು ದೇವರ ಲೆಕ್ಕ.

ಮಾಪಣ್ಣ ಎಂಬ ವಿಜಯಪುರದ ಕಡೆಯವನು ಕೋಪರಖೈರಣೆಯಲ್ಲೇ ಇದ್ದ. ಬೀರು, ಸೋಫಾಗಳಿಗೆ ಪಾಲಿಶ್ ಹೊಡೆಯುವುದು ಅವನ ಕೆಲಸ. ಅವನು ಮಂಟಪಕ್ಕೆ ಮೆಲಮೈನ್ ಪಾಲಿಶ್ ಹೊಡೆದ, ಒಂದರ ಮೇಲೊಂದು ಕೋಟು. ನೋಡಲು ಬನ್ನಿ ಎಂದು ಚೆನ್ನಯ ನನ್ನನ್ನೂ ಕರೆದ.

“ಮಾರಿ ನೋಡ್ಕೋರಿ ಸರ, ಕನ್ನಡಿ ಆಗೇತಿ,” ಎಂದ ಮಾಪಣ್ಣ.

ಬಗ್ಗಿ ನೋಡಿದೆ. ಸಿಂಹದ ಹಣೆಯಲ್ಲಿ ನನ್ನ ಮುಖ ಕಂಡಿತು. ಕಣ್ಣಲ್ಲಿ ನೀರು ತುಂಬಿತು. ಓದಿಕೊಂಡವನಾದರೂ ನನ್ನೊಳಗೆ ಇಷ್ಟೊಂದು ಭಕ್ತಿ ಉಳಿದಿದೆಯಲ್ಲ ಎಂದು ನನಗೇ ಮೆಚ್ಚುಗೆಯಾಯಿತು. ಪಕ್ಕದಲ್ಲಿ ಸುಂದರಿಯೂ ಕಣ್ಣೊರೆಸಿಕೊಳ್ಳುತ್ತಿದ್ದಳು. ಅದು ಪಾಲಿಶಿನ ಕೆಲಸ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಪರೀಕ್ಷೆಗೆ ಒಂದು ವಾರ ಇರುವಾಗ ಮಂಟಪವನ್ನು ಟೆಂಪೋದಲ್ಲಿ ಐರೋಲಿಗೆ ಒಯ್ದೆವು. ಟೈಲ್ಸ್ ಬಂದಿತ್ತು, ನೀರಿನ ಬಣ್ಣ ಒಣಗಿತ್ತು, ಪತ್ರಗಳೆಲ್ಲ ಕೂಡಿದ್ದವು. ಚೆನ್ನಯ ಹರ್ಷಿತಾಳನ್ನು ತಾನೇ ಕರೆತಂದು ಬೆಡ್‌ಶೀಟ್ ಎಳೆದ.

“ನೋಡಿ ಮೇಡಂ. ಹೊಸದರ ಹಾಗೆ ಆಯ್ತು.”

ಅವಳು ನೋಡುತ್ತ ನಿಂತಳು. “ಅಂಕಲ್, ಏನ್ ಮಾಡ್ಬಿಟ್ರಿ?”

“ಪಾಲಿಶ್.”

“ಹಳೇದು ಅಂತಲೇ ಅಲ್ವಾ ನಾನು ಒಪ್ಪಿದ್ದು? ಮರ ಹಳೇದು, ಸರಿ. ಮೇಲಿನ ಕೋಟ್ ಹೊಸದು. ಈ ಪಾಲಿಶ್ ಎಲ್ಲಕ್ಕಿಂತ ಜಾಸ್ತಿ ಬಿಡತ್ತೆ. ಕಣ್ಣು ಉರೀಲಿಲ್ವಾ ನಿಮಗೆ?”

ಚೆನ್ನಯ ನನ್ನನ್ನು ನೋಡಿದ. ನಾನು ಟೈಲ್ಸ್ ನೋಡಿದೆ.

ಕಂಟ್ರಾಕ್ಟರನ ಮೇಸ್ತ್ರಿ ಪಕ್ಕದಲ್ಲಿದ್ದ. ಹುಡುಗಿ ಆಚೆ ಹೋದ ಮೇಲೆ ಅವನು ಹಿಂದಿಯಲ್ಲಿ ದಾರಿ ಹೇಳಿಕೊಟ್ಟ: ಮನೆಗೆ ಒಯ್ದಿಡಿ, ಪರೀಕ್ಷೆ ಮುಗಿದು ಬೀಗದ ಕೈ ಸಿಕ್ಕ ಮಾರನೆಯ ದಿನ ತಂದು ಹಾಕಿ, ಎಲ್ಲರೂ ಮಾಡುವುದು ಅದೇ. ನನಗೂ ಅದು ಸರಿ ಕಂಡಿತು. ಸಾಲದ್ದಕ್ಕೆ ನಾನು, ದೇವರು ನಿರಾಕಾರ, ಅಲ್ಲಿಯವರೆಗೆ ಒಂದು ಕ್ಯಾಲೆಂಡರ್ ತೂಗಿದರೂ ನಡೆಯುತ್ತದೆ ಎಂದು ಹತ್ತು ನಿಮಿಷ ತತ್ವ ಹೇಳಿದೆ.

ಚೆನ್ನಯ ಎರಡನ್ನೂ ಪೂರ್ತಿ ಕೇಳಿದ. ಆಮೇಲೆ, “ಮೊದಲ ದಿವಸವೇ ದೇವರನ್ನು ಅಡಗಿಸಿ ಇಟ್ಟು ಅಂಗಡಿ ಸುರು ಮಾಡುದಾ? ಅದು ಬೇಡ. ಪಾಲಿಶ್ ತೆಗೆಯುವ,” ಎಂದ.

ಅವನ ಮನೆಯಲ್ಲಿ ಅದಕ್ಕೆ ಜಾಗ ಎಲ್ಲಿ? ಠಾಕುರ್ಲಿಯಲ್ಲಿ ನಮ್ಮ ಕಟ್ಟಡದ ಟೆರೇಸಿಗೆ ತಂದೆವು. ಸೊಸೈಟಿಯ ಸೆಕ್ರೆಟರಿಗೆ, ಧಾರ್ಮಿಕ ಕಾರ್ಯ ಎಂದು ಜಾನಕಿ ಮರಾಠಿಯಲ್ಲಿ ಹೇಳಿ ಒಪ್ಪಿಸಿದಳು. ಚೆನ್ನಯ, ಜಯೇಶ್, ನಾನು ಉಪ್ಪುಕಾಗದ ಹಿಡಿದು ಕೂತೆವು. ಜಯೇಶ್ ಆಗ ಕೊರಿಯರ್ ಕಂಪನಿಯಲ್ಲಿ ಕೆಲಸಕ್ಕಿದ್ದ. ಕನ್ನಡ, ತುಳು ಎರಡೂ ಅರ್ಥವಾದರೂ ಉತ್ತರ ಮಾತ್ರ ಹಿಂದಿಯಲ್ಲೇ.

“ಪಪ್ಪಾ, ಮಶೀನ್ ಭಾಡೇ ಪೇ ಲೇತೇ ಹೈ ನಾ,” ಎಂದು ಬಾಡಿಗೆ ಮಶೀನಿನ ದಾರಿ ಸೂಚಿಸಿದ.

“ದೇವರ ಮೈಗೆ ಮಶೀನ್ ಹಾಕುದಾ? ಉಜ್ಜು ನೀನು.”

ಮಾಪಣ್ಣನಿಗೂ ಹೇಳಿ ಕಳಿಸಿದ್ದೆವು. ಅವನು ಬಂದು, ತನ್ನ ಕನ್ನಡಿ ಪುಡಿಯಾಗಿ ಗಾಳಿಗೆ ಹಾರುವುದನ್ನು ನೋಡಿದ. “ನನ್ನ ಕಣ್ಮುಂದ ಬ್ಯಾಡ್ರಿ ಅಣ್ಣಾರ,” ಎಂದು ಚಹಾ ಕುಡಿಯದೆ ಇಳಿದುಹೋದ.

ನನಗೆ ಸಿಂಹದ ಮುಖ ಒಪ್ಪಿಸಿದ್ದರು. ಅದರ ಹೆಸರು ಗೊತ್ತಿದ್ದವನು ನಾನೊಬ್ಬನೇ ಎಂಬ ಕಾರಣಕ್ಕೆ ಇರಬೇಕು. ಉಜ್ಜುತ್ತಾ ಕೀರ್ತಿಮುಖದ ಪುರಾಣ ಹೇಳುತ್ತಿದ್ದೆ, ಹೇಳುತ್ತಾ ಉಜ್ಜುತ್ತಿದ್ದೆ. ಕತೆ ಮುಗಿದಾಗ ಕೆಳಗೆ ನೋಡಿದರೆ ಸಿಂಹಕ್ಕೆ ಮೂಗು ಇರಲಿಲ್ಲ. ಮೂಗಿದ್ದ ಜಾಗ ಅಂಗೈಯಷ್ಟು ನುಣುಪಾಗಿತ್ತು.

ಚೆನ್ನಯ ಎದ್ದು ಬಂದು ನೋಡಿದ. ಬೆರಳಿನಿಂದ ಆ ಜಾಗ ಸವರಿದ.

“ಕೀರ್ತಿ ಉಳೀತು ಮಾರಾಯ್ರೆ. ಮುಖ ಮಾತ್ರ ಹೋಯ್ತು.”

ಜಯೇಶ್ ನಗು ತಡೆಯಲಾಗದೆ ನೀರಿನ ಟ್ಯಾಂಕಿನ ಹಿಂದೆ ಹೋದ. ನನಗೆ ಆಮೇಲೆ ಉಪ್ಪುಕಾಗದ ಕೊಡಲಿಲ್ಲ. ಪುಡಿ ಗುಡಿಸುವ ಕೆಲಸ ಕೊಟ್ಟರು.

ಪರೀಕ್ಷೆಯ ದಿನ ಮಂಟಪ ಬೋಳು ಮರವಾಗಿ ಐರೋಲಿಯ ಗೋಡೆಯ ಮೇಲಿತ್ತು. ಬಣ್ಣವೆಂದರೆ ಒಣ ತೆಂಗಿನ ಗರಿಯ ಬಣ್ಣ. ಹರ್ಷಿತಾ ಟಾರ್ಚ್ ಹಾಕಿ ಹಿಂದೆ ಮುಂದೆ ನೋಡಿದಳು, ಫೋಟೊ ತೆಗೆದಳು. ಸಿಂಹದ ಬಳಿ ಟಾರ್ಚ್ ನಿಂತಿತು, ಆದರೆ ಹುಡುಗಿ ಏನೂ ಕೇಳಲಿಲ್ಲ.

“ಚೆನ್ನಾಗಿ ತೆಗೆದಿದೀರ ಅಂಕಲ್. ಏನೂ ಉಳಿದಿಲ್ಲ ಅಲ್ವಾ?”

ನಾನು ಇಲ್ಲ ಎನ್ನಲು ಬಾಯಿ ತೆರೆದಿದ್ದೆ.

“ಉಂಟು ಮೇಡಂ,” ಎಂದ ಚೆನ್ನಯ. “ಕಂಬದ ಗೆರೆಗಳ ಒಳಗೆ ಉಳಿದಿದೆ. ಅಲ್ಲಿಗೆ ಕಾಗದ ಹೋಗುದಿಲ್ಲ.”

ನಾನು ಅವನ ಪಾದ ತುಳಿದೆ.

“ಕಾಲು ತೆಗೀರಿ ಮಾರಾಯ್ರೆ.”

ಹರ್ಷಿತಾ ಬಗ್ಗಿ ಗೆರೆಗಳಿಗೆ ಟಾರ್ಚ್ ಹಿಡಿದಳು. ಕಡೆತದ ಸಂದುಗಳಲ್ಲಿ ಪಾಲಿಶ್ ಇನ್ನೂ ಹೊಳೆಯುತ್ತಿತ್ತು. ಆಚೆ ಅಂಗಡಿಯಲ್ಲಿ ಯಾರೋ ಡ್ರಿಲ್ ಹಾಕುತ್ತಿದ್ದರು. ಸ್ಯಾಂಡ್‌ವಿಚ್ ಕಂಪನಿಯವನು ಕಾರಿಡಾರಿನಲ್ಲಿ ಫೋನಿನಲ್ಲಿ ಮಾತಾಡುತ್ತ ಓಡಾಡುತ್ತಿದ್ದ. ನನ್ನ ಎದೆ ಹೊಡೆದುಕೊಳ್ಳುವುದು ನನಗೆ ಕೇಳುತ್ತಿತ್ತು. ಚೆನ್ನಯನದು ಹೇಗಿತ್ತೋ ಆಗ ನನಗೆ ಕೇಳಬೇಕೆನ್ನಿಸಲಿಲ್ಲ.

“ಕಂಬ ಬಿಚ್ಚಕ್ಕಾಗತ್ತಾ ಅಂಕಲ್?” ಎಂದಳು ಅವಳು, ಮೆಲ್ಲಗೆ. “ಕಂಬ ಇಲ್ದೆ ಇದ್ರೆ ನಾನು ಸಹಿ ಹಾಕ್ಬಹುದು.”

ಚೆನ್ನಯ ಮೇಸ್ತ್ರಿಯ ಕೈಯಿಂದ ಸ್ಕ್ರೂಡ್ರೈವರ್ ಇಸಿದುಕೊಂಡ. ಸ್ಟೂಲು ಹತ್ತಿ ತಾನೇ ಬಿಚ್ಚಿದ. ಒಂದೊಂದು ಕಂಬವನ್ನೂ ಕಣ್ಣಿಗೆ ಒತ್ತಿಕೊಂಡು ನನ್ನ ಕೈಗೆ ಕೊಟ್ಟ. ಹಲಗೆ, ದೇವರು, ಮೇಲೆ ಮೂಗಿಲ್ಲದ ಸಿಂಹ, ಇಷ್ಟು ಉಳಿಯಿತು. ಮಂಟಪ ಎನ್ನುವ ಹಾಗಿರಲಿಲ್ಲ. ಗೋಡೆಗೆ ಹೊಡೆದ ಶೆಲ್ಫಿನ ಹಾಗಿತ್ತು. ಆದರೆ ಬೀಗದ ಕೈ ಸಿಕ್ಕಿತು.

ಗಾಡಿಯಲ್ಲಿ ಕೇಳಿದೆ, ಹೇಳದಿದ್ದರೆ ಏನಾಗುತ್ತಿತ್ತು, ಅವಳಿಗೆ ಕಾಣಿಸಿರಲಿಲ್ಲವಲ್ಲ ಎಂದು.

“ಆ ಮಗು ಸಹಿ ಹಾಕುದಲ್ಲವಾ. ನಮ್ಮ ಸುಳ್ಳು ಅವಳ ಹೆಸರಿನಲ್ಲಿ ಯಾಕೆ?” ಎಂದು ಕಿಟಕಿಯ ಹೊರಗೆ ನೋಡಿದ. ಘಣಸೋಲಿ ದಾಟಿದ ಮೇಲೆ, “ನನ್ನ ಕಾಲು ಇನ್ನೂ ನೋಯ್ತಾ ಉಂಟು,” ಎಂದ.

ಕಟ್ಟಡದ ಗಾಳಿಯ ಪರೀಕ್ಷೆ ಮುಗಿಯುವವರೆಗೆ ಒಳಗೆ ಹೊಗೆ ಎಬ್ಬಿಸುವಂತಿರಲಿಲ್ಲ. ಚೆನ್ನಯ ದಿನಾ ಬೆಳಿಗ್ಗೆ ಊದುಬತ್ತಿಯನ್ನು ಹಚ್ಚದೆ ಸಿಕ್ಕಿಸಿ ಕೈ ಮುಗಿಯುತ್ತಿದ್ದ. ಹಚ್ಚುವ ದಿನ ಬಂದಾಗ ನನಗೆ ಫೋನ್ ಮಾಡಿ, “ಇವತ್ತಿಂದ ದೇವರಿಗೆ ಪರಿಮಳ ಸುರು,” ಎಂದ. ಕ್ಯಾಂಟೀನ್ ಚೆನ್ನಾಗಿ ನಡೆಯಿತು. ಸಿಂಹಕ್ಕೆ ಮೂಗು ಯಾಕಿಲ್ಲ ಎಂದು ಕೇಳಿದ ಐಟಿ ಹುಡುಗರಿಗೆಲ್ಲ, “ಒಬ್ಬರು ದೊಡ್ಡ ವಿದ್ವಾಂಸರು ಅದಕ್ಕೆ ಕತೆ ಹೇಳಿದ್ರು,” ಎಂದು ಅವನು ವಿವರಿಸುತ್ತಿದ್ದ. ನಾನು ಅಲ್ಲಿ ಇದ್ದರೆ ಕೈ ಮಾಡಿ ತೋರಿಸುತ್ತಿದ್ದ.

ಅಲ್ಲಿಂದ ಮೇಲೆ ಅವನಿಗೆ ಬಣ್ಣದ ಹುಚ್ಚು ಹಿಡಿಯಿತು. ಡೊಂಬಿವಲಿ, ಕಲ್ಯಾಣದಲ್ಲಿ ಪರಿಚಯದವರ ಯಾರ ಮನೆಗೆ ಬಣ್ಣ ಹೊಡೆದರೂ ಡಬ್ಬಿ ಎತ್ತಿ ತಿರುಗಿಸಿ ಓದುತ್ತಿದ್ದ. ಹತ್ತು ದಿನ ಕಿಟಕಿ ತೆರೆದಿಡಿ, ಆಮೇಲೆ ಮಕ್ಕಳನ್ನು ಮಲಗಿಸಿ ಎನ್ನುತ್ತಿದ್ದ. ಗೃಹಪ್ರವೇಶದ ಊಟಕ್ಕೆ ಕರೆದರೆ ಬಡಿಸಿದ ಎಲೆ ಬಿಟ್ಟು ಎದ್ದುಹೋಗಿ ಕಿಟಕಿ ತೆರೆಯುತ್ತಿದ್ದ. ಕೆಲವರು ಕರೆಯುವುದನ್ನೇ ಬಿಟ್ಟರು. “ಹೋಟೆಲಿನವನಿಗೆ ಇಂಜಿನಿಯರ್ ದೆವ್ವ ಹಿಡಿದಿದೆ,” ಎಂದಳು ಸುಂದರಿ.

ಕಂಬಗಳು ನನ್ನ ಮನೆಯಲ್ಲೇ ಉಳಿದವು. ತನ್ನ ಮನೆಯ ಅಟ್ಟದಲ್ಲಿ ಇಟ್ಟರೆ ಒಳಗೇ ಬಿಡುತ್ತಿರುತ್ತವೆ, ನಿಮ್ಮದಾದರೆ ಗಾಳಿ ಆಡುವ ಮನೆ ಎಂದಿದ್ದ. ಒಂದಷ್ಟು ತಿಂಗಳು ಬಾಲ್ಕನಿಯಲ್ಲಿದ್ದವು. ಆಮೇಲೆ ನಾನು ಒಳಗೆ ತಂದು ಶೆಲ್ಫಿನಲ್ಲಿ ಪುಸ್ತಕದ ಸಾಲಿನ ಆಚೆ ಈಚೆ ಆನಿಕೆಗೆ ನಿಲ್ಲಿಸಿದೆ. ಬಂದವರು ಏನಿದು ಎಂದರೆ ಪ್ರಾಚೀನ ಕೆತ್ತನೆ ಎನ್ನುತ್ತಿದ್ದೆ.

ಕಳೆದ ಮಾರ್ಚಿನಲ್ಲಿ ನಮ್ಮ ಮನೆಗೆ ಬಣ್ಣ ಹೊಡೆಸಿದೆವು. ಬಣ್ಣ ಆರಿಸಿದ್ದು ಚೆನ್ನಯ, ಪ್ರೈಮರ್ ಆರಿಸಿದ್ದು ಚೆನ್ನಯ. ಗೋಡೆ ಯಾವ ಬಣ್ಣದ್ದಿರಬೇಕು ಎಂಬುದನ್ನು ಮಾತ್ರ ಜಾನಕಿಗೆ ಬಿಟ್ಟಿದ್ದ. ಕೆಲಸ ಮುಗಿದ ಭಾನುವಾರ ಮಧ್ಯಾಹ್ನ ನೋಡಲು ಬಂದ. ಮೆಟ್ಟಿಲು ಹತ್ತಿ ಬಂದು ಸ್ವಲ್ಪ ಹೊತ್ತು ಕುರ್ಚಿಯಲ್ಲಿ ಸುಮ್ಮನೆ ಕೂತ. ಬೆವರಿದ್ದ. ಬಿಸಿಲು ಎಂದ, ನಾವೂ ಬಿಸಿಲು ಎಂದೆವು. ನೀರು ಕುಡಿದು ಎದ್ದು ಕೋಣೆ ಕೋಣೆ ಸುತ್ತಿದ, ಕಿಟಕಿಗಳನ್ನೆಲ್ಲ ತೆರೆದ. ಪೇಪರ್ ಮಡಿಸಿ ಸಂದಿಗೆ ತುರುಕಿ, ಗಾಳಿಗೆ ಮುಚ್ಚಿಕೊಳ್ಳದ ಹಾಗೆ ಮಾಡಿದ.

“ಬಣ್ಣಕ್ಕೆ ಪತ್ರ ಉಂಟು. ಈ ಪುಸ್ತಕಗಳಿಗೆ ಉಂಟಾ? ಇವು ಎಂತ ಬಿಡ್ತಾವೋ ಯಾರಿಗೆ ಗೊತ್ತು.”

“ಹಳೆಯವು. ಪಾಸು,” ಎಂದೆ.

ಅವನು ಶೆಲ್ಫಿನ ಮುಂದೆ ನಿಂತ. “ಹಾಗಾದ್ರೆ ಇವೂ ಪಾಸಲ್ಲವಾ?” ಎಂದು ಕಂಬ ಮುಟ್ಟಿದ. “ಪಾಲಿಶ್ ಹೊಡೆದು ಎಷ್ಟು ವರ್ಷ ಆಯ್ತು? ಬೆಂಗಳೂರಿಗೆ ಫೋನ್ ಮಾಡಿ ಹರ್ಷಿತಾ ಮೇಡಮನ್ನು ಕೇಳಿಯೇ ಬಂದೆ. ‘ಹಾಕಿ ಅಂಕಲ್, ಇನ್ನು ಪರವಾಗಿಲ್ಲ’ ಅಂದ್ರು.”

“ಮೊದಲೇ ಹೇಳಬಾರದಿತ್ತೇ? ನನ್ನ ಪುಸ್ತಕಗಳ ಗತಿ?”

“ಬೀಳಲಿ. ಬಿದ್ರೆ ಎತ್ತಿ ಇಡುವಾಗ ಒಂದೆರಡು ಓದಿದ ಹಾಗೆ ಆಗ್ತದೆ.”

ಕಂಬ ತೆಗೆದ ಕೂಡಲೇ ಸಾಲು ಒಂದು ಬದಿಗೆ ವಾಲಿತು. ಈಗಲೂ ವಾಲಿಕೊಂಡೇ ಇದೆ. ಕಂಬಗಳು ಸೇರಬೇಕಾದ ಜಾಗ ಸೇರಿವೆ: ಹದಿಮೂರನೆಯ ದಿನದ ಕ್ರಿಯೆ ಕಳೆದ ಮೇಲೆ ಜಯೇಶ್ ಅವನ್ನು ಐರೋಲಿಗೆ ಒಯ್ದು ಹಳೆ ತೂತುಗಳಿಗೇ ಸ್ಕ್ರೂ ಕೂರಿಸಿದ. ಕಂಬದ ಗೆರೆಗಳಷ್ಟೇ ಹೊಳೆಯುತ್ತವೆ, ಉಳಿದದ್ದು ಬೋಳು. ಬೆಳಿಗ್ಗೆ ದೀಪ ಹಚ್ಚುವವಳು ಸುಂದರಿ.

ಆ ದಿನ ಅವನು ಕಂಬ ಸುತ್ತಿದ ಕಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದ. ಬಾಗಿಲು ಹಾಕಿ ಒಳಗೆ ಬಂದರೆ ಸೊಳ್ಳೆ. ನಾನು ಮಾಡಿದ ಮೊದಲ ಕೆಲಸ, ರಸ್ತೆಯ ಕಡೆಯ ಕಿಟಕಿಯ ಪೇಪರ್ ಕಿತ್ತು ಮುಚ್ಚಿದ್ದು. ಮುಚ್ಚುತ್ತ ಕೆಳಗೆ ನೋಡಿದೆ. ಚೆನ್ನಯ ಗೇಟಿನ ಬಳಿ ನಿಂತು ಮೇಲೆ ನೋಡುತ್ತಿದ್ದ. ನಾನು ಹೀಗೆ ಮಾಡುತ್ತೇನೆಂದು ಕಾಯುತ್ತಲೇ ನಿಂತಿದ್ದಿರಬೇಕು. ಖಾಲಿ ಇದ್ದ ಕೈಯನ್ನು ಎತ್ತಿ ಹೊರಗೆ ತಳ್ಳುವ ಹಾಗೆ ಮಾಡಿದ. ನಾನು ಸೊಳ್ಳೆ ಹೊಡೆಯುವ ಅಭಿನಯ ಮಾಡಿ ತೋರಿಸಿದೆ. ಅವನು ಮತ್ತೆ ಹೊರಗೆ ತಳ್ಳಿದ, ಈ ಸಲ ಎರಡು ಬಾರಿ. ನಾನು ಕಿಟಕಿ ತೆರೆದೆ. ಪೂರ್ತಿ ತೆರೆದು ಪೇಪರ್ ಸಿಕ್ಕಿಸುವವರೆಗೂ ಅವನು ಅಲ್ಲೇ ನಿಂತಿದ್ದ. ಆಮೇಲೆ ತಲೆಯಾಡಿಸಿ, ಕಂಬಗಳನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡು ಸ್ಟೇಷನ್ ಕಡೆ ನಡೆದ.